ತಿಪ್ಪೆಯ ಆಚೆ ನಿಂತು ಕರೆದವಳು

ಗೋವಾದಲ್ಲಿ ನಾನಿದ್ದ ವರ್ಷಗಳಲ್ಲಿ ನನಗೆ ಹಂಬಲವಿದ್ದದ್ದು ಎರಡಕ್ಕೆ. ಒಂದು, ಸರಿಯಾಗಿ ಬಡಿದ ಜೋಳದ ರೊಟ್ಟಿ. ಇನ್ನೊಂದು, ನನ್ನನ್ನು ತವರಿನ ಹೆಸರು ಹಿಡಿದು ಕರೆಯುವ ಒಂದು ದನಿ. ಮೊದಲನೆಯದು ಚಿಂಬಲ್‌ನಲ್ಲಿ ಸಿಕ್ಕಿತು. ಎರಡನೆಯದೂ ಅಲ್ಲಿಯೇ ಸಿಕ್ಕಿತೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಹೆಸರು ಹೋದದ್ದು ಮದುವೆಯ ದಿನ. ನಮ್ಮ ಧಾರವಾಡದ ಮನೆಗಳಲ್ಲಿ ತಾಟಿನಲ್ಲಿ ಅಕ್ಕಿ ಹರಡುತ್ತಾರೆ, ಮದುಮಗ ಅದರ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಹೆಸರು ಬದಲಾಗಲೇಬೇಕೆಂದೇನಿಲ್ಲ. ಆದರೆ ನನ್ನ ಹೆಸರು ಅತ್ತೆಯ ಹೆಸರೂ ಆಗಿತ್ತು. ಸೊಸೆಯನ್ನು ಬೈಯುವಾಗ ಅದು ಹೋಗಿ ಅತ್ತೆಗೆ ತಾಗಿದರೆ ಹೇಗೆ? ಹಾಗಾಗಿ ಅಕ್ಕಿಯ ಮೇಲೆ ಬೇರೆ ಹೆಸರು ಮೂಡಿತು. ಅಕ್ಕಿ ಅನ್ನವಾಗಿ ಹೋಯಿತು, ಹೆಸರು ಮಾತ್ರ ನನಗೆ ಅಂಟಿಕೊಂಡಿತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನಾನು, ಅವತ್ತು ಮಾತ್ರ ನಕ್ಕು ಸುಮ್ಮನಾದೆ. ಫೋನಿನಲ್ಲಿ ಅವ್ವ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದಳು, ನನಗೆ ಅಷ್ಟು ಸಾಕಿತ್ತು. ಅವ್ವ ತೀರಿಕೊಂಡ ಮೇಲೆ ಒಮ್ಮೆ ಪಣಜಿಯ ಮಾರ್ಕೆಟಿನಲ್ಲಿ ಯಾರೋ ಯಾರನ್ನೋ ಆ ಹೆಸರಿನಿಂದ ಕೂಗಿದರು. ಮೀನು ಮುಟ್ಟದ ನಾನು ಮೀನಿನ ಬುಟ್ಟಿಗಳ ನಡುವೆ ತಿರುಗಿ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಮೀನು ಮಾರುವವಳು ನಾತಕ್ಕೆ ಬಂತೆಂದುಕೊಂಡಿರಬೇಕು, ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿದಳು.

ಪಣಜಿಯಲ್ಲಿ ನನ್ನದು ವಿಮೆ ಕಚೇರಿಯ ನೌಕರಿ. ಗಂಡನನ್ನು ಬೆಳಿಗ್ಗೆ ಕಂಪನಿ ಬಸ್ಸು ವೆರ್ಣಾಕ್ಕೆ ಒಯ್ಯುತ್ತಿತ್ತು, ಸಂಜೆ ಹಿಂಡಿದ ಬಟ್ಟೆಯಂತೆ ತಂದು ಇಳಿಸುತ್ತಿತ್ತು. ಊರಿನ ಹೊರಗಿನ ಚಿಂಬಲ್‌ನಲ್ಲಿ ನಮ್ಮ ಕಡೆಯ ಕೂಲಿ ಜನ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿಕೊಂಡಿದ್ದರು. ಸಿಟ್ಟು ಬಂದರೆ ಇಲ್ಲಿನವರು ಘಟ್ಟದ ಮೇಲಿನಿಂದ ಬಂದ ನಮ್ಮನ್ನೆಲ್ಲ ‘ಘಾಂಟಿ’ ಎನ್ನುತ್ತಿದ್ದರು. ಕಾಂಕ್ರೀಟು ಹೊರುವವಳೂ ಘಾಂಟಿ, ಫೈಲು ತಿರುವುವ ನಾನೂ ಘಾಂಟಿ. ಒಬ್ಬ ಬಸ್ ಕಂಡಕ್ಟರ್ ನನಗೆ ಹಾಗೆಂದಾಗ ಅವನ ಜನ್ಮ ಜಾಲಾಡಿಬಿಟ್ಟಿದ್ದೆ. ಜಾಲಾಡಿದ್ದೆಲ್ಲ ಕನ್ನಡದಲ್ಲಿ, ಆದ್ದರಿಂದ ಅವನಿಗೇನೂ ನಷ್ಟವಾಗಲಿಲ್ಲ.

ಚಿಂಬಲ್‌ನಲ್ಲಿ ಒಬ್ಬ ಮುದುಕಿ ರೊಟ್ಟಿ ಬಡಿದು ಮಾರುತ್ತಾಳೆಂದು ಕೇಳಿ ಒಂದು ಭಾನುವಾರ ಹೋದೆ. ತಗಡಿನ ಮಾಡು, ಒಂದು ಒಲೆ, ಗೋಡೆಗೆ ಒರಗಿಸಿದ, ಹಿಟ್ಟು ನಾದುವ ಕೊಣಮಗಿ. ರೊಟ್ಟಿ ಬಡಿಯುವ ಸದ್ದು ಓಣಿಯ ಮೂಲೆಗೇ ಕೇಳಿಸುತ್ತಿತ್ತು. ಆ ಸದ್ದಿಗೇ ನನ್ನ ಹೊಟ್ಟೆ ಹಸಿಯಿತು. ಮುದುಕಿ ತಲೆ ಎತ್ತದೆ, “ಕುಂದರ್ರಿ ಅಕ್ಕಾರ, ಒಲಿ ಈಗ ಹಿಡದೈತಿ,” ಎಂದಳು. ನಾನು ಅವಳನ್ನು ಆಯಿ ಎಂದೆ. ಅವಳ ಮಗ, ಸೊಸೆ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ತಾನೂ ಎಷ್ಟೋ ವರ್ಷ ತಲೆಯ ಮೇಲೆ ಜಲ್ಲಿ ಹೊತ್ತು, ಮೊಣಕಾಲು ಕೈಕೊಟ್ಟ ಮೇಲೆ ಒಲೆಯ ಮುಂದೆ ಕುಳಿತವಳು. ಅಂದಿನಿಂದ ನನ್ನ ಭಾನುವಾರಗಳು ಅವಳವಾದವು.

ಅದೇ ದಿನಗಳಲ್ಲಿ ಧಾರವಾಡದಿಂದ ನನ್ನ ಕಾಲೇಜಿನ ಸರ್ ಫೋನು ಮಾಡಿದರು. ನಿವೃತ್ತರಾದ ಮೇಲೆ ಅವರು ಜೀತದಿಂದ ಬಿಡುಗಡೆಯಾದವರ ಮಾತುಗಳನ್ನು ಅವರವರ ಬಾಯಿಂದಲೇ ಕೇಳಿ ಟೇಪು ಮಾಡುತ್ತಿದ್ದರು. “ನಮ್ಮ ಕಡಿ ಮಂದಿ ಗೋವಾದಾಗ ಭಾಳ ಅದಾರ. ನೀ ಒಂದಿಷ್ಟು ಮಂದಿ ಮಾತು ಹಿಡದು ಕೊಡು. ಎಲ್ಲಾರ್ಗೂ ಅವೇ ಪ್ರಶ್ನಿ ಕೇಳು. ಏನು ಉಣ್ತಿದ್ರು, ಎಲ್ಲೆ ಮಲಗ್ತಿದ್ರು, ಯಾರು ಹೊಡೀತಿದ್ರು, ಹೆಂಗ ಬಿಡುಗಡಿ ಆತು. ಆಮ್ಯಾಲೆ ಒಂದರ ಬಾಜೂಕ ಒಂದು ಇಟ್ಟು ನೋಡೋಣ,” ಎಂದರು. ಹೂಂ ಎನ್ನುವುದಕ್ಕೆ ಮುಂಚೆಯೇ ಟೇಪ್ ರೆಕಾರ್ಡರನ್ನು ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಗೆ ಕೊಟ್ಟಾಗಿತ್ತು. ಆ ಮನುಷ್ಯನಿಗೆ ಇಲ್ಲ ಎಂದು ಹೇಳಿದ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ.

ಆಯಿ ಚಿಕ್ಕಂದಿನಲ್ಲಿ ಜೀತಕ್ಕಿದ್ದಳೆಂದು ನನಗೆ ಗೊತ್ತಿರಲಿಲ್ಲ. ಟೇಪು ನೋಡಿ ಅವಳೇ ಕೇಳಿದಳು, ನಾನು ಕಾರಣ ಹೇಳಿದೆ. ಹಿಟ್ಟಿನ ಕೈ ಒರೆಸಿಕೊಂಡು, “ಹಂಗಾರ ಹೊರಗ ಯಾಕ ಹುಡಕತೀರಿ? ನಾ ಇಲ್ಲೇ ಕುಂತೇನಲ್ಲ,” ಎಂದಳು.

ಅವಳನ್ನು ಅಪ್ಪ ಜೀತಕ್ಕಿಟ್ಟಾಗ ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸು. ವಿಜಾಪುರದ ಕಡೆಯ ಒಂದು ಊರಿನ ಗೌಡರ ಮನೆ. ಬೆಳಕು ಹರಿಯುವ ಮುಂಚೆ ಅಂಗಳ ಗುಡಿಸುವುದು, ಆಮೇಲೆ ದನದ ಹೆಂಡಿ ಬಳಿಯುವುದು, ಆಮೇಲೆ ಬೀಸುವುದು. ಮಲಗುವುದು ಅಡುಗೆಮನೆಯ ಹೊರಗಿನ ಪಡಸಾಲೆಯಲ್ಲಿ, ಒಲೆಯ ಗೋಡೆಗೆ ಬೆನ್ನು ಹಚ್ಚಿ. “ಉಣ್ಣಾಕ ಕಡಿಮಿ ಮಾಡಲಿಲ್ರಿ. ಹಿಂದಿನ ದಿನದ ರೊಟ್ಟಿ, ಮಜ್ಜಿಗಿ ಕೊಡ್ತಿದ್ರು. ಗೌಡ ಭಾಳ ಚಲೋ ಮನಶ್ಯಾ. ಒಂದಿನ ನನ್ನ ಮ್ಯಾಲೆ ಕೈ ಎತ್ತಲಿಲ್ಲ.”

ಸರ್ ಕೇಳಿಸಿಕೊಂಡರೆ ಬೇಸರ ಮಾಡಿಕೊಂಡಾರು ಎನಿಸಿತು. “ಹಂಗಾರ ಕೆಟ್ಟದ್ದು ಏನಿತ್ತು ಆಯಿ?” ಎಂದೆ.

“ಹೆಸರ ಕಸಗೊಂಡ್ರು,” ಎಂದಳು.

ಹೋದ ದಿನವೇ ಅದು ನಡೆದಿತ್ತು. ಗೌಡನ ತಾಯಿ, ಊರಿಗೆಲ್ಲ ದೊಡ್ಡ ಗೌಡಶಾನಿ, ಕಟ್ಟೆಯ ಮೇಲೆ ಕುಳಿತಿದ್ದಳು. ಹೆಸರೇನು ಎಂದು ಹುಡುಗಿಯನ್ನು ಕೇಳಿದಳು. ಹುಡುಗಿ ಹೇಳಿದಳು. ಕೂತವರೆಲ್ಲ ನಕ್ಕರು. ಅದು ದೊಡ್ಡ ಗೌಡಶಾನಿಯದೇ ಹೆಸರಂತೆ. “ಕಸಾ ಬಳಿಯಾಕೀಗೆ ನನ್ನ ಹೆಸರ?” ಎಂದು ಆ ಮುದುಕಿ ಅಲ್ಲಿಂದಲ್ಲಿಗೇ ಬೇರೆ ಹೆಸರಿಟ್ಟಳು. ಹಳೆಯದನ್ನು ಯಾರಾದರೂ ಮರೆತು ಕರೆದು, ಹುಡುಗಿ ಓ ಎಂದರೆ ತೋಳು ಚಿವುಟುತ್ತಿದ್ದಳು. ಆಗುತ್ತಾ ಆಗುತ್ತಾ ಹುಡುಗಿ ಓ ಎನ್ನುವುದನ್ನು ಬಿಟ್ಟಳು. ಆಮೇಲೆ ಹೆಸರೇ ಅವಳನ್ನು ಬಿಟ್ಟಿತು. ಈಗ ರೇಶನ್ ಕಾರ್ಡಿನಲ್ಲಿ ಇರುವುದು ಗೌಡಶಾನಿ ಇಟ್ಟದ್ದೇ.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಟೇಪು ತಿರುಗುತ್ತಿದೆ ಎನ್ನುವುದನ್ನೂ ಮರೆತು ನನ್ನ ಅಕ್ಕಿಯ ತಾಟಿನ ಕತೆ ಹೇಳಿದೆ. ಆಯಿ ಪೂರ್ತಿ ಕೇಳಿ, ಕಾವಲಿಯ ಮೇಲಿನ ರೊಟ್ಟಿ ತಿರುವಿದಳು.

“ನಿಮಗ ಅಕ್ಕಿ ಮ್ಯಾಲೆ ಬರದು ಕೊಟ್ರು ಅಕ್ಕಾರ. ನನಗ ಕೈಯಾಗ ಕಸಬರಗಿ ಕೊಟ್ಟು ಹೇಳಿದ್ರು. ಎರಡೂ ಒಂದ ಅಲ್ಲ.”

“ಅಲ್ಲ,” ಎಂದೆ. ನನಗೆ ನಾಚಿಕೆಯಾಯಿತು.

“ಆದ್ರೂ ನಿಮ್ಮದೂ ಹೋತಲ್ಲ, ಪಾಪ. ಏನಿತ್ತು ನಿಮ್ಮ ತವರುಮನಿ ಹೆಸರು?”

ಹೇಳಿದೆ. ಎಷ್ಟೋ ಕಾಲದ ಮೇಲೆ ನನ್ನ ಬಾಯಿಂದಲೇ ಅದನ್ನು ಕೇಳಿದೆ. ಆಯಿ ಅದನ್ನು ಮೆಲ್ಲಗೆ ಒಮ್ಮೆ ಅಂದು ನೋಡಿ, “ಚಲೋ ಐತಿ. ಇನ್ನ ಮ್ಯಾಲೆ ನಾ ಹಂಗ ಕರೀತೇನಿ,” ಎಂದಳು. ಹಾಗೆಯೇ ಕರೆದಳು. ಹೆಸರಿನ ಹಿಂದೆ ‘ಅಕ್ಕಾರ’ ಸೇರಿಸುವುದನ್ನು ಬಿಡಲಿಲ್ಲ ಅಷ್ಟೇ. ಪ್ರತಿ ಭಾನುವಾರ ಓಣಿಯ ತಿರುವಿನಲ್ಲಿ ಆ ಕರೆ ಕೇಳಲೆಂದೇ ನಾನು ನಿಧಾನ ನಡೆಯುತ್ತಿದ್ದೆ.

ಅವಳ ಟೇಪಿನ ಕೊನೆಯ ಭಾಗ ತಾಯಿಯದು. ತಾಯಿ ಬಂದರೆ ಹುಡುಗಿ ಅತ್ತು ಕೆಲಸ ಕೆಡಿಸುತ್ತಾಳೆಂದು ಗೌಡರ ಮನೆಯವರು ತಾಯಿಗೆ ಬರಬೇಡವೆಂದಿದ್ದರು. ಆದರೂ ಅವಳು ಬರುತ್ತಿದ್ದಳು. ಹಿತ್ತಲಿನ ಗೋಡೆಯ ಹಿಂದೆ ತಿಪ್ಪೆ. ಹೊತ್ತು ಮುಳುಗುವಾಗ, ದನಗಳು ಮನೆಗೆ ಬರುವ ಗದ್ದಲದಲ್ಲಿ, ಆ ತಿಪ್ಪೆಯ ಆಚೆ ನಿಂತು ಮಗಳನ್ನು ಕರೆಯುತ್ತಿದ್ದಳು.

“ನಾ ಹೆಂಡಿಬುಟ್ಟಿ ಹೊತ್ಗೊಂಡು ತಿಪ್ಪಿಗೆ ಚೆಲ್ಲಾಕ ಹೊಂಟಾಕಿ ಗತೆ ಓಡತಿದ್ನಿ. ನಮ್ಮವ್ವ ಒಂದ್ ಚೂರು ಬೆಲ್ಲ ಬಾಯಾಗ ಇಟ್ಟು, ತಲಿ ಸವರಿ ಹೋಗಾಕಿ. ಅಷ್ಟ. ಮಾತಿಲ್ಲ ಕತಿಯಿಲ್ಲ. ಆಕಿ ಮಾತ್ರ ನನ್ನ ಖರೇ ಹೆಸರಲೇ ಕರೀತಿದ್ಲು. ಕರದದ್ದು ನೆನಪೈತಿ. ಏನಂತ ಕರದ್ಲು ಅನ್ನೂದು ನೆನಪಿಲ್ಲ.” ಒಲೆಯ ಕಟ್ಟಿಗೆಯನ್ನು ಮುಂದಕ್ಕೆ ದೂಡಿದಳು. “ಆಮ್ಯಾಲೆ ಬರೂದ ಬಿಟ್ಲು. ಒಮ್ಮಿಂದೊಮ್ಮಿಗೆ. ನಾ ದಿನಾ ಬುಟ್ಟಿ ಹೊತ್ಗೊಂಡು ಹೋಗಿ ನಿಂತು ಬರತಿದ್ನಿ. ನಾ ಏನರ ತಪ್ಪ ಮಾಡಿದ್ನೇನೋ. ಇಲ್ಲಾ ನಾ ಬ್ಯಾಡಾದ್ನೇನೋ. ಅಪ್ಪ ಅವ್ವ ದುಡಿಯಾಕ ಊರು ಬಿಟ್ಟು ಹೋದ್ರು, ಅಲ್ಲೇ ಸತ್ರು. ಕೇಳೂಣು ಅಂದ್ರ ಯಾರಿಲ್ಲ.”

ಕೊನೆಗೆ ಸರ್ ಹೇಳಿದ ಪ್ರಶ್ನೆ ಕೇಳಿದೆ. ಹೇಗೆ ಬಿಡುಗಡೆಯಾಯಿತು, ಆ ದಿನ ಏನು ಮಾಡಿದಿರಿ?

“ಜೀತ ಬಿಡಸೂ ಕಾಯ್ದೆ ಬಂತು, ಹೋಗು ಅಂದ್ರು. ಆಗ ನಾ ದೊಡ್ಡಾಕಿ ಆಗಿದ್ನಿ. ಎಲ್ಲಿಗೆ ಹೋಗೂದು? ಮುಂದಿನ ಬಾಗಲಲೇ ಹೊರಗ ಬಂದು, ಸುತ್ತ ಹಾಕಿ, ಹಿತ್ತಲ ಕಡಿ ಹೋದ್ನಿ. ನಮ್ಮವ್ವ ನಿಲ್ತಿದ್ಲಲ್ಲ, ಆ ಜಾಗಾದಾಗ ನಿಂತು ಮನಿ ನೋಡಿದ್ನಿ. ಅಲ್ಲಿಂದ ಮನಿ ಕಾಣೂದ ಇಲ್ಲರಿ. ಬರೇ ಗೋಡಿ.”

ಆಯಿಗೆ ಜೀವವೆಲ್ಲ ಆ ಹೆಸರಿನ ಮೇಲೆ. ಸಾಯುವ ಮೊದಲು ಒಮ್ಮೆ ಅದು ಕಿವಿಗೆ ಬೀಳಬೇಕು, ಬೇರೇನೂ ಬೇಡ ಎನ್ನುತ್ತಿದ್ದಳು. ಕೆಲವು ವಾರಗಳ ಮೇಲೆ ಅವಳೇ ಸುದ್ದಿ ತೆಗೆದಳು. ರೊಟ್ಟಿ ಒಯ್ಯಲು ಬಂದ ಯಾರೋ ಹೇಳಿದ್ದರಂತೆ, ಅದೇ ಗೌಡರ ಮನೆಯಲ್ಲಿ ದನ ಕಾಯಲು ಜೀತಕ್ಕಿದ್ದವನೊಬ್ಬ ಫೋಂಡಾ ದಾರಿಯ ಕುಂಡಯಿಯ ಕಾರ್ಖಾನೆಯೊಂದರಲ್ಲಿ ಗೇಟು ಕಾಯುತ್ತಾನೆ ಎಂದು. “ಅಂವಗ ದೊಡ್ಡ ಗೌಡಶಾನಿ ಹೆಸರ ಏನಿತ್ತಂತ ಕೇಳ್ರಿ. ಆಕಿದು ತಿಳದ್ರ ನಂದೂ ತಿಳದಂಗ ಆತಲ್ಲ. ನನಗ ಈ ಕಾಲಾಗ ಬಸ್ ಹತ್ತಾಕ ಆಗೂದಿಲ್ಲ.” ಹಾಗೆ ಹೇಳುವಾಗ ಅವಳ ಮುಖ ಸಣ್ಣ ಹುಡುಗಿಯದಾಗಿತ್ತು.

ಮುಂದಿನ ಶನಿವಾರ ಕಚೇರಿಗೆ ರಜೆ ಹಾಕಿ ಫೋಂಡಾ ಬಸ್ಸು ಹತ್ತಿದೆ. ಹಳೇ ಗೋವಾದಲ್ಲಿ ಚರ್ಚಿನ ಫೆಸ್ತಿನ ಜಾತ್ರೆ, ಬಸ್ಸು ಆಮೆಯ ಹಾಗೆ ತೆವಳಿತು. ಕಂಡಕ್ಟರ್ “ಫುಡೆಂ ವಚ್, ಫುಡೆಂ ವಚ್” ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಿದ್ದ. ಮುಂದೆ ಹೋಗಲು ಜಾಗವಿದ್ದರೆ ತಾನೇ? ಅವತ್ತು ಮಾತ್ರ ನಾನು ಯಾರೊಂದಿಗೂ ಜಗಳಕ್ಕಿಳಿಯಲಿಲ್ಲ. ಆಯಿಯ ಹೆಸರು ಏನಿರಬಹುದೆಂದು ಒಂದೊಂದೇ ಹೆಸರನ್ನು ಅವಳ ಮುಖಕ್ಕೆ ಹಚ್ಚಿ ನೋಡುತ್ತ ಕುಂಡಯಿ ತಲುಪಿದೆ.

ಮುದುಕ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ಅವನ ಸಮವಸ್ತ್ರದ ಅಂಗಿ ಇನ್ನೊಬ್ಬ ಹಿಡಿಸುವಷ್ಟು ದೊಡ್ಡದಿತ್ತು. ಗೇಟಿನ ಎದುರಿನ ನೆರಳಿನಲ್ಲಿ ದಿಕ್ಕಿಲ್ಲದ ದನಗಳು ಮಲಗಿದ್ದವು, ಗೋವಾದ ರಸ್ತೆಗಳಲ್ಲೆಲ್ಲ ಇರುವಂಥವು. ಕನ್ನಡದಲ್ಲಿ “ಕಾಕಾ” ಎಂದದ್ದಕ್ಕೇ ಅವನು ಎದ್ದು ನಿಂತು ಕುರ್ಚಿ ನನಗೆ ಬಿಟ್ಟುಕೊಟ್ಟ. ತಾನು ಕಲ್ಲಿನ ಮೇಲೆ ಕುಳಿತ.

ಮೊದಲು ಆಯಿಯ ಪ್ರಶ್ನೆಯನ್ನೇ ಕೇಳಿದೆ. ಅವನು ನಕ್ಕುಬಿಟ್ಟ.

“ದೊಡ್ಡ ಗೌಡಶಾನಿ ಹೆಸರು? ಆಕಿ ಹೆಸರ ಹಿಡಿಯೂವಷ್ಟು ಧೈರೇ ಯಾರಿಗಿತ್ರಿ ಅಕ್ಕಾರ? ಮಗಾ ‘ಅವ್ವ’ ಅಂತಿದ್ದ, ಊರು ‘ದೊಡ್ಡ ಗೌಡಶಾನಿ’ ಅಂತಿತ್ತು. ಆಕಿ ಸತ್ತಳು, ಆ ಮಂದಿ ಹೊಲಾ ಮನಿ ಮಾರಿ ಎತ್ಲಾಗೋ ಹೋದ್ರು. ಒಳಗ ಕಸಾ ಬಳಿಯೂ ಹುಡುಗಿ ಒಬ್ಬಾಕಿ ಇದ್ಲು, ಖರೆ.” ಗೌಡಶಾನಿ ಇಟ್ಟ ಹೆಸರನ್ನೇ ಹೇಳಿದ. “ಆಕೀಗೆ ಬ್ಯಾರೆ ಹೆಸರು ಇತ್ತೇನು? ನಮಗ ಗೊತ್ತಿಲ್ಲ. ನಾವು ಕೊಟ್ಟಿಗ್ಯಾಗಿನವರು. ಒಳಗಿನ ಮಂದಿ ಬ್ಯಾರೆ, ನಾವು ಬ್ಯಾರೆ.”

ಬಂದ ದಾರಿಗೆ ಸುಂಕವಿಲ್ಲದಂತಾಯಿತು. ಎದ್ದು ಹೋಗುವುದು ಸರಿಯಲ್ಲವೆಂದು ಟೇಪು ಹಚ್ಚಿ ಸರ್ ಅವರ ಪ್ರಶ್ನೆಗಳನ್ನು ಕೇಳಿದೆ. ಮನಸ್ಸು ಅರ್ಧ ಚಿಂಬಲ್‌ನಲ್ಲಿತ್ತು. ಗೌಡ ಒಳ್ಳೆಯವನಂತೆ, ಹೌದೇ ಎಂದರೆ, “ನನ್ನ ಬೆನ್ನ ಕೇಳ್ರಿ,” ಎಂದ. ಮಲಗುವುದು ಎಲ್ಲಿ ಎಂದರೆ ದನಗಳ ನಡುವೆ ಎಂದ. ಚಳಿಗಾಲದಲ್ಲಿ ಅವುಗಳ ಮೈಶಾಖದಷ್ಟು ಸುಖ ಆಮೇಲೆ ಯಾವ ಹಾಸಿಗೆಯಲ್ಲೂ ಸಿಗಲಿಲ್ಲವಂತೆ. “ಬಿಡುಗಡಿ ಆದಮ್ಯಾಲೆ ನಾ ಮರುಗಿದ್ದು ಮನಿಗಲ್ರಿ, ದನಕ್ಕ. ಈಗೂ ಕಣ್ಣ ಮುಚ್ಚಿದ್ರ ಆ ವಾಸನಿ ಬರತೈತಿ. ಬಿಡುಗಡಿ ಅನ್ನೂದು ಬೇಕಿತ್ತು, ಬ್ಯಾಡ ಅಂತ ಅನ್ನೂದಿಲ್ಲ. ಆದ್ರ ಅವಕ್ಕ ನಾ ಹ್ವಾದದ್ದು ಯಾರು ಹೇಳ್ಬೇಕು?”

ಬೆನ್ನಿಗೆ ಬಿದ್ದ ಏಟಿನ ಕತೆ ಆಮೇಲೆ ಬಂತು. ಹೆಚ್ಚು ನೆನಪಿರುವ ಏಟು ಯಾವುದು ಎಂದು ಕೇಳಿದ್ದೆ. ಅದು ಒಂದು ಕರುವಿನ ದೆಸೆಯಿಂದ ಬಿದ್ದದ್ದು ಎಂದ.

“ಆಗಿನ್ನೂ ನಾ ಹೊಸದಾಗಿ ಬಂದಿದ್ನಿ, ಸಣ್ಣಾವ. ಸಂಜೀಮುಂದ ದನಾ ಹೊಡಕೊಂಡು ಬರೂವಾಗ ತಿಪ್ಪಿ ಆಚಿ ಒಬ್ಬಾಕಿ ಹೆಣಮಗಳು ನಿಂತು ಕರಾ ಕರ್ಯಾಕಿ. ನಾಕ ದಿನಕ್ಕೊಮ್ಮಿ, ಎಂಟ ದಿನಕ್ಕೊಮ್ಮಿ. ಪಾಪ, ಆಕಿ ಕರಾ ಬಂದು ನಮ್ಮ ದನದಾಗ ಕೂಡೇತಿ, ಗೌಡಗ ಅಂಜಿ ಕೇಳವಲ್ಲಳು ಅಂತ ನಾ ತಿಳಕೊಂಡ್ನಿ. ನಮ್ಮವ್ವನ್ನ ಬಿಟ್ಟು ಬಂದಾವ ನಾ. ಆ ದನಿ ಕೇಳಿದ್ರ ನನಗ ಅಳು ಬರೂದು.”

“ಹೆಂಗ ಕರೀತಿದ್ಲು ಕಾಕಾ?” ಎಂದು ಸುಮ್ಮನೆ ಕೇಳಿದೆ.

ಮುದುಕ ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಮೆಲ್ಲಗೆ ಚ್ಚ ಚ್ಚ ಎಂದ. ಆಮೇಲೆ ಕತ್ತು ಎತ್ತಿ, “ಬಾ… ಬಾ… ಬಾಆಆ…” ಎಂದು ಕರೆದ. ಎದುರಿನ ನೆರಳಿನಲ್ಲಿ ಮಲಗಿದ್ದ ಕರು ಕಿವಿ ನಿಗುರಿಸಿ ಎದ್ದು ನಿಂತಿತು.

“ಒಂದಿನ ತಡೀಲಾರದ ಒಂದ್ ಕೆಂದ ಕರಾ ಬಿಚ್ಚಿ ಹಿತ್ತಲ ಬಾಗಲಲೇ ಆಕಿ ಕಡಿ ಹೊಡದು ಬಿಟ್ನಿ. ಆಕಿ ನೋಡಿ ಗಾಬರ್ಯಾದ್ಲು. ‘ಇದು ನನ್ನ ಕರಾ ಅಲ್ಲೋ ತಮ್ಮಾ’ ಅಂದ್ಲು. ಅಷ್ಟ್ರಾಗ ಕರಾ ಜಿಗದು ಓಣ್ಯಾಗ ಓಡ್ತು, ಆಳ ಮಂದಿ ಬಂದ್ರು, ‘ಕರಾ ಕಳ್ಳಿ, ಹಿಡೀರಿ’ ಅಂತ ಕೂಗಿದ್ರು. ಆಕಿ ಓಡಿ ಹ್ವಾದ್ಲು. ನನಗ ಗೌಡ ಬಾರಕೋಲಿಲೆ ಹೊಡದ. ಆಕಿ ಮತ್ತ ಆ ಕಡಿ ಹಾಯಲಿಲ್ಲ. ಹೊಡದದ್ದು ಹೋಗ್ಲಿ ಬಿಡ್ರಿ. ಆಕಿ ಕರಾ ಆಕೀಗೆ ಸಿಕ್ತೋ ಇಲ್ಲೋ ಅಂತ ಇವತ್ತಿಗೂ ಅನಸತೈತಿ ನನಗ.”

ಅಷ್ಟು ಹೇಳುವಾಗ ಲಾರಿಯೊಂದು ಹಾರ್ನು ಹೊಡೆಯಿತು. ಅವನು ಗೇಟು ತೆಗೆಯಲು ಹೋದ. ನಾನು ಟೇಪು ಚೀಲಕ್ಕೆ ಹಾಕಿಕೊಂಡು, ಹೆಸರು ಸಿಗಲಿಲ್ಲವೆಂದು ಮೋರೆ ಇಳಿಸಿಕೊಂಡು ಬಸ್ಸು ಹಿಡಿದೆ. ನನಗೆ ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಹೊಳೆದದ್ದು ಮರುದಿನ ಮಧ್ಯಾಹ್ನ. ಗಂಡ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದ. ಸರ್ ಹೇಳಿದಂತೆ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳೋಣವೆಂದು ಮೊದಲು ಆಯಿಯ ಟೇಪು ಹಾಕಿದೆ, ಆಮೇಲೆ ಮುದುಕನದು. ಒಂದೇ ಮನೆ, ಒಂದೇ ಗೌಡ. ಅವಳಿಗೆ ಅವನು ದೇವರಂಥವನು, ಇವನಿಗೆ ಬಾರಕೋಲು. ಅವಳು ಒಲೆಯ ಗೋಡೆಗೆ ಬೆನ್ನು ಹಚ್ಚಿ ಮಲಗಿದಳು, ಇವನು ದನದ ಮೈಗೆ. ಸರ್‌ಗೆ ಖುಷಿಯಾಗುತ್ತದೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುದುಕನ ದನಿ ‘ತಿಪ್ಪಿ ಆಚಿ ಒಬ್ಬಾಕಿ ಹೆಣಮಗಳು’ ಎಂದಿತು. ತುಸು ಹೊತ್ತಿನ ಹಿಂದೆ ಆಯಿಯ ದನಿಯೂ ತಿಪ್ಪೆಯ ಆಚೆ ಎಂದಿತ್ತು. ಅದೇ ಸಂಜೆಯ ಹೊತ್ತು, ದನ ಬರುವ ಅದೇ ಗದ್ದಲ.

ಟೇಪು ನಿಲ್ಲಿಸಿದೆ.

ಆ ತಾಯಿ ಮಗಳನ್ನು ಹೆಸರು ಹಿಡಿದು ಹೇಗೆ ಕರೆದಾಳು? ಆ ಗೋಡೆಯ ಒಳಗೆ ಆ ಹೆಸರು ದೊಡ್ಡ ಗೌಡಶಾನಿಯದು. ಅದನ್ನು ತಿಪ್ಪೆಯ ಆಚೆ ನಿಂತು ಕೂಗಿದರೆ ಊರಿನಲ್ಲಿ ಬಾಳಲು ಬಿಡುತ್ತಿದ್ದರೇ? ಮೇಲಾಗಿ ಅವಳು ಅಲ್ಲಿಗೆ ಬರುವಂತೆಯೇ ಇರಲಿಲ್ಲ. ದನ ಮನೆಗೆ ಬರುವ ಹೊತ್ತಿನಲ್ಲಿ ಯಾರಿಗೂ ಅನುಮಾನ ಬಾರದಂತೆ ಕರೆಯಬಹುದಾದದ್ದು ಒಂದು ಕರುವನ್ನು ಮಾತ್ರ. ಹಾಗಾಗಿ ಅವಳು ಮಗಳನ್ನು ಕರು ಮಾಡಿಕೊಂಡು ಕರೆದಳು. ತಾಯಿಯನ್ನು ಬಿಟ್ಟು ಬಂದ ಒಬ್ಬ ಹುಡುಗ ಅದನ್ನು ನಿಜವೆಂದೇ ನಂಬಿ, ಕರುಣೆಯಿಂದ ಕರುವನ್ನೇ ಬಿಟ್ಟುಕೊಟ್ಟ. ಅಲ್ಲಿಗೆ ಅವಳು ಬರುವುದು ನಿಂತಿತು. ನಾನು ಅಡುಗೆಮನೆಯಲ್ಲಿ ಕುಳಿತು ನನ್ನ ಅವ್ವನನ್ನು ನೆನೆದು ಜೋರಾಗಿ ಅತ್ತೆ. ಗಂಡ ಎದ್ದು ಬಂದು ಏನಾಯಿತೆಂದು ಕೇಳಿದ. ಚಹ ಮಾಡು ಎಂದೆ. ಪಾಪ, ಮಾಡಿದ.

ಅದೇ ಸಂಜೆ ಚಿಂಬಲ್‌ಗೆ ಹೋದೆ. ಓಣಿಯ ತಿರುವಿನಲ್ಲಿ ನನ್ನ ತವರಿನ ಹೆಸರು ಕೇಳಿಸಿತು, ಹಿಂದೆಯೇ ಪ್ರಶ್ನೆ. “ಸಿಕ್ತೇನ್ರಿ?”

“ಹೆಸರು ಸಿಗಲಿಲ್ಲ ಆಯಿ,” ಎಂದೆ. ಅವಳು ಹಿಟ್ಟಿನ ಮೇಲಿನ ಕೈ ತೆಗೆಯಲಿಲ್ಲ. “ಹೋಗ್ಲಿ ಬಿಡ್ರಿ,” ಎಂದು ಮತ್ತೆ ನಾದತೊಡಗಿದಳು. ಆ ‘ಹೋಗ್ಲಿ ಬಿಡ್ರಿ’ ನನಗೆ ಸಹಿಸಲಾಗಲಿಲ್ಲ. ಪಕ್ಕದಲ್ಲಿ ಕುಳಿತು ಟೇಪು ಹಚ್ಚಿದೆ. ಮುದುಕನ ಕರೆ ತಗಡಿನ ಮಾಡಿನ ಕೆಳಗೆ ಮೊಳಗಿತು. ಬಾ… ಬಾ… ಬಾಆಆ…

“ನಾ ಹೆಸರ ಕೇಳಿದ್ರ ಅಂವ ಕರಾ ಕರ್ಯಾಕತ್ತಾನಲ್ಲ,” ಎಂದಳು ಆಯಿ, ಸ್ವಲ್ಪ ಸಿಟ್ಟಿನಿಂದಲೇ.

ಆಗ ಎಲ್ಲವನ್ನೂ ಹೇಳಿದೆ. ದನ ಕಾಯುವ ಹುಡುಗ ಕೇಳಿದ ದನಿ, ಅವನು ತಪ್ಪು ತಿಳಿದು ಬಿಟ್ಟ ಕೆಂದ ಕರು, ಕಳ್ಳಿ ಎಂಬ ಕೂಗು, ಓಡಿಹೋದ ಹೆಂಗಸು. “ನಿಮ್ಮವ್ವ ನಿಮ್ಮನ್ನ ಬಿಡಲಿಲ್ಲ ಆಯಿ. ಆಕೀನ್ನ ಬರಗೊಡಲಿಲ್ಲ,” ಎಂದೆ.

ಆಯಿಯ ಕೈ ನಿಂತಿತು. ಕಾವಲಿಯ ಮೇಲಿನ ರೊಟ್ಟಿ ಸೀದು ವಾಸನೆ ಬಂತು, ನಾನೇ ತೆಗೆದೆ. “ಇನ್ನೊಮ್ಮಿ ಹಚ್ಚರಿ,” ಎಂದಳು. ಹಚ್ಚಿದೆ. ಮತ್ತೊಮ್ಮೆ ಎಂದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಹಂಗಲ್ಲ. ಅಂವ ಕಡೀಕ ಎಳೀತಾನ. ನಮ್ಮವ್ವ ಎಳೀತಿರಲಿಲ್ಲ, ಇಳಸ್ತಿದ್ಲು.”

ಹಿಟ್ಟು ಮೆತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಆಯಿ ಕರೆದಳು. ಮೂರು ಸಲ. ಕೊನೆಯದು ಗಂಟಲಲ್ಲೇ ಇಳಿದು ಹೋಯಿತು, ಗೋಡೆಯ ಒಳಗಿನವರಿಗೆ ಕೇಳಬಾರದು ಎನ್ನುವಷ್ಟು ಮೆಲ್ಲಗೆ. ಆಮೇಲೆ ಅವಳೇ, ಇನ್ನೂ ಸಣ್ಣ ದನಿಯಲ್ಲಿ, “ಬಂದ್ನಿ ಯವ್ವಾ,” ಎಂದಳು.

ಕೆಳಗಿನ ರಸ್ತೆಯಲ್ಲಿ ಪಾವು ಬ್ರೆಡ್ಡು ಮಾರುವವನು ಸೈಕಲ್ಲಿನ ಹಾರ್ನು ಒತ್ತುತ್ತ ಹೋದ.

ಹೊರಡುವಾಗ ನನ್ನನ್ನು ಕೊರೆಯುತ್ತಿದ್ದ ಮಾತು ಕೇಳಿದೆ. ಆ ಮುದುಕನಿಗೆ ಇದನ್ನು ಹೇಳಲೇ? ತಾನು ಬಿಟ್ಟ ಕರುವಿನಿಂದ ಏನಾಯಿತೆಂದು ಅವನಿಗೆ ಗೊತ್ತಿಲ್ಲವಲ್ಲ.

“ಬ್ಯಾಡ, ಬ್ಯಾಡ,” ಎಂದು ಆಯಿ ಗಾಬರಿಯಾಗಿ ನನ್ನ ಕೈ ಹಿಡಿದಳು. “ನಮ್ಮವ್ವನ ಸಲುವಾಗಿ ಬಾರಕೋಲು ತಿಂದದ್ದು ಅದೊಂದ ಕೂಸು. ಅಂವಗ ಇದನ್ನ ಹೇಳಬ್ಯಾಡ್ರಿ. ಆಕಿ ಕರಾ ಸಿಕ್ತೋ ಇಲ್ಲೋ ಅಂದ್ನಲ್ಲ? ಸಿಕ್ತಂತ ಹೇಳ್ರಿ.”

ಮುಂದಿನ ಶನಿವಾರ ಮತ್ತೆ ಕುಂಡಯಿಗೆ ಹೋದೆ. ಆಯಿ ಬಟ್ಟೆಯಲ್ಲಿ ಕಟ್ಟಿಕೊಟ್ಟ ರೊಟ್ಟಿಗಳನ್ನು ಮುದುಕನ ಕೈಗಿಟ್ಟು, “ಕಾಕಾ, ಆ ಹೆಣಮಗಳ ಕರಾ ಸಿಕ್ತಂತ,” ಎಂದೆ. ಅವನು ನನ್ನನ್ನೇ ನೋಡಿದ. ಯಾರು ಹೇಳಿದರು ಎಂದು ಕೇಳಲಿಲ್ಲ.

“ಸಿಕ್ತ? ಜೀವಂತ ಐತಿ?”

“ಜೀವಂತ ಅದ,” ಎಂದೆ.

“ಚಲೋ ಆತು ಬಿಡ್ರಿ,” ಎಂದ. ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು, “ಭಾಳ ಚಲೋ ಆತು,” ಎಂದು ಇನ್ನೊಮ್ಮೆ ಹೇಳಿ, ಹಾರ್ನು ಹೊಡೆಯುತ್ತಿದ್ದ ಲಾರಿಗೆ ಗೇಟು ತೆಗೆಯಲು ಹೋದ.